ಬ್ಯಾಡಗಿಯ ಸೋಮವಾರಕ್ಕೆ ಟವರು ಸಜ್ಜಾಗುವ ಬಗೆ

ಫೆಬ್ರವರಿ, ಮಾರ್ಚ್ ತಿಂಗಳ ಸೋಮವಾರ ಮತ್ತು ಗುರುವಾರಗಳಲ್ಲಿ ಬ್ಯಾಡಗಿ ಹಿಗ್ಗುತ್ತದೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಊರಿನತ್ತ ತಿರುಗಿದ ಲಾರಿಗಳು ಹಿಂದಿನ ರಾತ್ರಿಯೇ ಸಾಲುಗಟ್ಟಿರುತ್ತವೆ. ಬಳ್ಳಾರಿ, ರಾಯಚೂರು, ಗದಗ, ಗಡಿಯಾಚೆಯ ಕರ್ನೂಲಿನಿಂದ ಬಂದ ರೈತರು ಚೀಲಗಳ ಪಕ್ಕದಲ್ಲೇ ಮಲಗಿ ಎದ್ದಿರುತ್ತಾರೆ. ಬೆಳಗಾಗುವಷ್ಟರಲ್ಲಿ ಎಪಿಎಂಸಿ ಪ್ರಾಂಗಣದ ತುಂಬ ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ಮೆಣಸಿನಕಾಯಿ ಲಾಟುಗಳು. ನಡುವೆ ಹಮಾಲರ ಓಡಾಟ, ಮೂಗಿಗೆ ಅಡರುವ ಘಾಟು. ಖರೀದಿದಾರರು ಕಾಯಿ ಮುರಿದು, ಬಣ್ಣ ನೋಡಿ, ತೇವ ಅಂದಾಜಿಸಿ ಮುಂದಿನ ಲಾಟಿಗೆ ಸರಿಯುತ್ತಾರೆ. ದರ ಹಾಕುವುದು ಇ–ಟೆಂಡರಿನಲ್ಲಿ. ಗಡುವು ಮುಗಿಯುವುದರೊಳಗೆ ಪ್ರತಿ ಲಾಟಿನ ದರವೂ ಆನ್‌ಲೈನಿನಲ್ಲಿ ಸೇರಿರಬೇಕು.

ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರಲು ಕರ್ನಾಟಕ ಸರ್ಕಾರ 2014ರಲ್ಲಿ ರಾಷ್ಟ್ರೀಯ ಇ–ಮಾರ್ಕೆಟ್ ಸರ್ವಿಸಸ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿದ ಮೇಲೆ ಮಾರುಕಟ್ಟೆಯ ವಹಿವಾಟು ಮೊಬೈಲ್ ಜಾಲಕ್ಕೆ ಹೆಚ್ಚು ಹೆಚ್ಚು ಅಂಟಿಕೊಂಡಿತು. ಗಡುವು ಹತ್ತಿರ ಬಂದಂತೆ ಖರೀದಿದಾರರೆಲ್ಲ ಒಟ್ಟಿಗೆ ಫೋನು ಒತ್ತುತ್ತಾರೆ. ದರ ಗೊತ್ತಾದ ಕೂಡಲೇ ರೈತರು ಊರಿಗೆ ಕರೆ ಮಾಡುತ್ತಾರೆ. ದಲಾಲಿ ಅಂಗಡಿಯ ಗುಮಾಸ್ತರು ಲೆಕ್ಕ ಕಳುಹಿಸುತ್ತಾರೆ, ಲಾರಿ ಚಾಲಕರು ಚಹಾದ ಹಣವನ್ನೂ ಫೋನಿನಲ್ಲೇ ಕೊಡುತ್ತಾರೆ. ಮರುದಿನ ಮಂಗಳವಾರ ಅದೇ ಟವರುಗಳ ಕೆಳಗೆ ಸಣ್ಣ ತಾಲ್ಲೂಕು ಕೇಂದ್ರವೊಂದರ ಎಂದಿನ ಬದುಕು.

ಸೋಮವಾರದ ಜನಸಂದಣಿಗೆ ತಕ್ಕಷ್ಟು ಯಂತ್ರ ಹಾಕಿದರೆ ಮಂಗಳವಾರ ಬಹುಪಾಲು ಸುಮ್ಮನೆ ವಿದ್ಯುತ್ ತಿನ್ನುತ್ತ ನಿಂತಿರುತ್ತದೆ. ಮಂಗಳವಾರಕ್ಕೆ ಸಾಕಾಗುವಷ್ಟೇ ಹಾಕಿದರೆ ಸೋಮವಾರ ಟೆಂಡರ್ ತಪ್ಪುತ್ತದೆ. ಸಂದರ್ಭಕ್ಕೆ ತಕ್ಕಂತೆ ತನ್ನನ್ನು ತಾನೇ ಬದಲಿಸಿಕೊಳ್ಳುವ ವೈರ್‌ಲೆಸ್ ಜಾಲ ಬೇಕಾಗುವುದು ಇಂಥ ಊರುಗಳಿಗೆ. ಆದರೆ ಬದಲಾಗುವುದು ಜನಸಂದಣಿಯೊಂದೇ ಅಲ್ಲ. ರೇಡಿಯೊ ಅಲೆಯ ದಾರಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಬದಲಾಗುತ್ತದೆ, ಮಳೆ ನಿಮಿಷಗಳಲ್ಲಿ, ಮಾರುಕಟ್ಟೆ ಗಂಟೆಗಳಲ್ಲಿ, ಹೊಲದ ಬೆಳೆ ತಿಂಗಳುಗಳಲ್ಲಿ. ಒಂದೊಂದು ಬದಲಾವಣೆಗೂ ಅದರದೇ ವೇಗವಿದೆ. ಆ ವೇಗ ಅರಿಯದ ಜಾಲ ಬೇಕಾದಾಗ ತಡವಾಗಿ ಬದಲಾಗುತ್ತದೆ, ಬೇಡದಾಗ ಅವಸರ ಮಾಡುತ್ತದೆ.

ಅತಿ ವೇಗದ ಬದಲಾವಣೆ ನೋಡಬೇಕಾದರೆ ರೈಲು ಹತ್ತಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಮಾರ್ಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಗಂಟೆಗೆ 110 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ ಸುಮಾರು 30 ಮೀಟರ್ ಸಾಗುತ್ತದೆ. 1800 ಮೆಗಾಹರ್ಟ್ಸಿನ 4ಜಿ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಟವರಿನಿಂದ ನೇರ ಬಂದ ಅಲೆ, ಬೋಗಿಯ ತಗಡಿಗೆ ಬಡಿದು ಬಂದ ಅಲೆ, ದೂರದ ಗುಡ್ಡಕ್ಕೆ ತಾಗಿ ಬಂದ ಅಲೆ ಎಲ್ಲ ಫೋನಿನ ಬಳಿ ಕೂಡುತ್ತವೆ. ಎಂಟೊಂಬತ್ತು ಸೆಂಟಿಮೀಟರ್ ಸರಿದರೆ ಸಾಕು, ಒಂದಕ್ಕೊಂದು ಬಲ ಕೊಡುತ್ತಿದ್ದ ಅಲೆಗಳು ಒಂದನ್ನೊಂದು ಅಳಿಸಬಹುದು. ಕಿಟಕಿ ಪಕ್ಕ ಕುಳಿತವರ ಫೋನಿನಲ್ಲಿ ಈ ಏರಿಳಿತ ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಸಲ ಆಗುತ್ತಿರುತ್ತದೆ.

4ಜಿ ಟವರು ಪ್ರತಿ ಮಿಲಿಸೆಕೆಂಡಿಗೊಮ್ಮೆ ಹೊಸದಾಗಿ ತೀರ್ಮಾನಿಸುವುದು ಇದೇ ಕಾರಣಕ್ಕೆ. ಸಂಕೇತ ಎಷ್ಟು ಚೆನ್ನಾಗಿ ಬರುತ್ತಿದೆ ಎಂಬುದನ್ನು ಫೋನು 0ಯಿಂದ 15ರವರೆಗಿನ ಒಂದು ಅಂಕಿಯಲ್ಲಿ ಟವರಿಗೆ ತಿಳಿಸುತ್ತಿರುತ್ತದೆ. ಅಂಕಿ ಚೆನ್ನಾಗಿದ್ದರೆ ಟವರು ಒಂದು ಸಂಕೇತದಲ್ಲಿ 6 ಬಿಟ್, ಇನ್ನೂ ಚೆನ್ನಾಗಿದ್ದರೆ 8 ಬಿಟ್ ತುಂಬುತ್ತದೆ. ಕೆಟ್ಟರೆ 2 ಬಿಟ್‌ಗೆ ಇಳಿದು, ಅದರ ಜೊತೆಗೆ ತಪ್ಪು ತಿದ್ದಿಕೊಳ್ಳಲು ನೆರವಾಗುವ ಹೆಚ್ಚುವರಿ ಬಿಟ್‌ಗಳನ್ನೂ ಕಳುಹಿಸುತ್ತದೆ. ಬ್ಯಾಡಗಿ ಪ್ಯಾಟಿಯ ಗದ್ದಲದಲ್ಲಿ ಮಾತಾಡುವವರು ಮಾಡುವುದೂ ಇದನ್ನೇ: ಪಕ್ಕದಲ್ಲಿ ನಿಂತವರಿಗೆ ಇಡೀ ಸಮಾಚಾರ, ದೂರದವರಿಗೆ ‘ಬಾ’, ‘ಬ್ಯಾಡ’ ಎಂಬ ಎರಡೇ ಕೂಗು.

ಇಲ್ಲಿ ವಿನ್ಯಾಸಕಾರರ ಒಂದು ಜಾಣ್ಮೆ ಗಮನಿಸಬೇಕು. 4ಜಿ ಜಾಲ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ತಪ್ಪೇ ಆಗಬಾರದು ಎಂಬುದಲ್ಲ. ಮೊದಲ ಸಲ ಕಳುಹಿಸಿದ ಹತ್ತು ಕಂತುಗಳಲ್ಲಿ ಒಂದು ಕೆಡಲಿ ಎಂದು ಅದು ಬೇಕೆಂದೇ ಒಪ್ಪಿಕೊಳ್ಳುತ್ತದೆ. ಕೆಟ್ಟ ಕಂತನ್ನು ಫೋನು ಎಸೆಯದೆ ಇಟ್ಟುಕೊಂಡು, ಎರಡನೇ ಸಲ ಬಂದದ್ದರ ಜೊತೆ ಕೂಡಿಸಿ ಓದುತ್ತದೆ. ಹತ್ತಕ್ಕೆ ಹತ್ತೂ ಸರಿಯಾಗಿ ತಲುಪುತ್ತಿವೆ ಎಂದರೆ ಟವರು ಅತಿಯಾಗಿ ಹೆದರಿ ಕಡಿಮೆ ತುಂಬುತ್ತಿದೆ ಎಂದೇ ಲೆಕ್ಕ. ಆಗ ಅದು ಬಿಟ್‌ಗಳನ್ನು ಹೆಚ್ಚಿಸುತ್ತದೆ. ಫೋನು ಹೇಳಿದ ಅಂಕಿ ಟವರನ್ನು ಮುಟ್ಟುವ ಹೊತ್ತಿಗೆ ರೈಲು ಮುಂದೆ ಹೋಗಿ ಆ ಅಂಕಿ ಹಳತಾಗಿರುತ್ತದೆ. ಆ ಹಳತನ್ನು ಸರಿದೂಗಿಸುವುದು ತಪ್ಪುಗಳ ಈ ಎಣಿಕೆಯೇ. ವೈರ್‌ಲೆಸ್ ವಿದ್ಯೆಯಲ್ಲಿ ಇಷ್ಟು ಸರಳ, ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ ಎಂದರೂ ಸಲ್ಲುತ್ತದೆ.

ಜಾಗದ ಗುಣವೂ ಲೆಕ್ಕಕ್ಕೆ ಬರುತ್ತದೆ. ಟವರಿನಲ್ಲೂ ಫೋನಿನಲ್ಲೂ ಹಲವು ಆಂಟೆನಾಗಳಿದ್ದರೆ ಒಂದೇ ಬ್ಯಾಂಡಿನಲ್ಲಿ ಒಂದಕ್ಕಿಂತ ಹೆಚ್ಚು ದತ್ತಾಂಶದ ಹರಿವುಗಳನ್ನು ಒಟ್ಟಿಗೆ ಕಳುಹಿಸಬಹುದು. ಈ ‘ಮೈಮೊ’ ತಂತ್ರದ ಹಿಂದೆ ಆರೋಗ್ಯಸ್ವಾಮಿ ಪಾಲ್‌ರಾಜ್ ಅವರ ಹೆಸರಿದೆ. ನೌಕಾಪಡೆಯ ಸೋನಾರ್ ಕಟ್ಟಿ, ಬೆಂಗಳೂರಿನಲ್ಲಿ ಬಿಇಎಲ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯವನ್ನು ಬೆಳೆಸಿ, ಆಮೇಲೆ ಸ್ಟ್ಯಾನ್‌ಫರ್ಡಿಗೆ ಹೋದವರು ಅವರು. ಥಾಮಸ್ ಕೈಲಾತ್ ಅವರೊಂದಿಗೆ 1992ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿ ಈ ವಿದ್ಯೆಯ ಮೊದಲ ಮೈಲಿಗಲ್ಲುಗಳಲ್ಲೊಂದು. ಹರಿವುಗಳು ಬೇರೆ ಬೇರೆಯಾಗಿ ತಲುಪಬೇಕಾದರೆ ಅಲೆಗಳು ಗೋಡೆ, ತಗಡು, ಕಟ್ಟಡಗಳಿಗೆ ತಾಗಿ ಹಲವು ದಾರಿ ಹಿಡಿಯಬೇಕು. ಬ್ಯಾಡಗಿಯ ಗೋದಾಮು, ಶೀತಲಗೃಹಗಳ ನಡುವೆ ಅಂಥ ದಾರಿಗಳು ಬೇಕಾದಷ್ಟು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನ ಬಯಲಲ್ಲಿ ಅಡ್ಡಿಯಿಲ್ಲದ ನೇರ ದಾರಿಯೇ ಮುಖ್ಯ. ಅಲ್ಲಿ ಸಂಕೇತ ಜೋರಾಗಿದ್ದರೂ ಹರಿವುಗಳು ಕಡಿಮೆ. ಎಷ್ಟು ಹರಿವು ಸಾಧ್ಯ ಎಂಬುದನ್ನೂ ಫೋನು ಟವರಿಗೆ ಹೇಳುತ್ತಲೇ ಇರುತ್ತದೆ. ‘ಕಡ್ಡಿ ಪೂರ್ತಿ ಇದೆ, ಆದರೂ ನೆಟ್ ಓಡೋದಿಲ್ಲ’ ಎಂಬ ಮಾತಿಗೆ ಇರುವ ಕಾರಣಗಳಲ್ಲಿ ಇದೂ ಒಂದು.

ಇನ್ನೊಂದು ಕಾರಣ ಜನ. ಸೋಮವಾರ ಮಧ್ಯಾಹ್ನದ ಪೆಟ್ಟು ಬೀಳುವುದು ಇಲ್ಲಿ.

ಫೋನು ದತ್ತಾಂಶ ಕಳುಹಿಸುವ ಮುನ್ನ ಟವರಿಗೆ ಒಂದು ಕಿರುಸಂಕೇತ ಕಳುಹಿಸಿ ಅವಕಾಶ ಕೇಳಬೇಕು. 4ಜಿಯಲ್ಲಿ ಒಂದು ಸೆಲ್‌ಗೆ ಇರುವುದು ಇಂಥ 64 ಸಂಕೇತಗಳು. ಯಾವುದನ್ನು ಬಳಸಬೇಕೆಂದು ಫೋನು ಮನಬಂದಂತೆ ಆರಿಸಿಕೊಳ್ಳುತ್ತದೆ. ಎರಡು ಫೋನುಗಳು ಒಂದೇ ಕ್ಷಣದಲ್ಲಿ ಒಂದನ್ನೇ ಆರಿಸಿಕೊಂಡರೆ ಡಿಕ್ಕಿ. ಇಬ್ಬರೂ ಮತ್ತೆ ಕೇಳಬೇಕು. ಗಡುವಿಗೆ ಐದು ನಿಮಿಷ ಇರುವಾಗ ಎಲ್ಲರೂ ಕೇಳಿದರೆ ಡಿಕ್ಕಿ ಹೆಚ್ಚುತ್ತದೆ, ಡಿಕ್ಕಿಯಾದವರು ಮತ್ತೆ ಕೇಳುವುದರಿಂದ ಸಂದಣಿ ಇನ್ನೂ ಏರುತ್ತದೆ. ಈ ತೊಡಕನ್ನು ಮೊದಲು ಕೈಯಾರೆ ಎದುರಿಸಿದ್ದು ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ‘ಅಲೋಹಾನೆಟ್’ ಎಂಬ ರೇಡಿಯೊ ಜಾಲವನ್ನು ಚಾಲೂ ಮಾಡಿದರು. ಯಾರು ಬೇಕಾದರೂ ಯಾವಾಗ ಬೇಕಾದರೂ ಕಳುಹಿಸಬಹುದು, ಡಿಕ್ಕಿಯಾದರೆ ಇಷ್ಟೇ ಎಂದಿಲ್ಲದ ಹೊತ್ತು ಕಾದು ಮತ್ತೆ ಕಳುಹಿಸಬೇಕು ಎಂಬುದು ಅದರ ನಿಯಮ. ಹಾಗೆ ಬಿಟ್ಟರೆ ವಾಹಿನಿಯ ಶೇ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ, ಅದಕ್ಕಿಂತ ಹೆಚ್ಚು ಜನ ನುಗ್ಗಿದರೆ ಅದೂ ಕುಸಿಯುತ್ತದೆ ಎಂದು ಲೆಕ್ಕ ತೋರಿಸಿತು. ಇಂದಿನ ಟವರು ಸಂದಣಿ ಹೆಚ್ಚಾದಾಗ ‘ಇಷ್ಟು ಹೊತ್ತಿನೊಳಗೆ ಯಾವಾಗಲಾದರೂ ಮತ್ತೆ ಕೇಳಿ’ ಎಂದು ಫೋನುಗಳಿಗೆ ಸೂಚಿಸಿ, ಆ ಅವಧಿಯನ್ನು ಪರಿಸ್ಥಿತಿ ನೋಡಿ ಹಿಗ್ಗಿಸುತ್ತದೆ. ಕಾಯುವ ಹೊತ್ತು ಎಲ್ಲರಿಗೂ ಒಂದೇ ಆಗಿರಬಾರದು ಎಂಬುದೇ ಇದರ ಗುಟ್ಟು.

ಜೊತೆಗೆ ಪಕ್ಕದ ಟವರುಗಳ ಸಹಾಯ ಪಡೆಯುವ ದಾರಿಯಿದೆ. ಪಕ್ಕದ ಟವರಿನ ಸಂಕೇತ ತನ್ನದಕ್ಕಿಂತ ಇಂತಿಷ್ಟು ಜೋರಾಗಿ, ಇಂತಿಷ್ಟು ಹೊತ್ತು ಕೇಳಿಸಿದರೆ ಮಾತ್ರ ಫೋನು ಅತ್ತ ದಾಟಬೇಕು ಎಂಬ ನಿಯಮವಿರುತ್ತದೆ. ಪ್ರಾಂಗಣದ ಟವರು ತುಂಬಿದಾಗ ಆ ‘ಇಂತಿಷ್ಟು’ ಕಡಿಮೆಯಾಗುತ್ತದೆ, ಅಂಚಿನಲ್ಲಿರುವ ಫೋನುಗಳು ರೈಲು ನಿಲ್ದಾಣದ ಕಡೆಯದಕ್ಕೋ ಹೆದ್ದಾರಿ ಕಡೆಯದಕ್ಕೋ ಬೇಗ ದಾಟುತ್ತವೆ. ತೀರಾ ಸಡಿಲಿಸಿದರೆ ಕೆಡುಕು: ಫೋನು ಎರಡು ಟವರುಗಳ ನಡುವೆ ಅತ್ತಿತ್ತ ಜಿಗಿಯುತ್ತ ಕರೆ ಕಡಿದುಹೋಗುತ್ತದೆ. ಮೊದಲೆಲ್ಲ ಎಂಜಿನಿಯರುಗಳು ಜೀಪಿನಲ್ಲಿ ತಿರುಗಿ ಅಳೆದು ಈ ಅಂಕಿಗಳನ್ನು ಕೈಯಿಂದ ತುಂಬುತ್ತಿದ್ದರು. 4ಜಿಯ ಮೊದಲ ಮಾನದಂಡದಿಂದಲೇ ಜಾಲ ತನ್ನ ನೆರೆಹೊರೆಯನ್ನು ತಾನೇ ಗುರುತಿಸಿಕೊಳ್ಳುವ ವ್ಯವಸ್ಥೆ ಬಂತು. ಆಮೇಲಿನ ಆವೃತ್ತಿಯಲ್ಲಿ ಹೊರೆ ಹಂಚಿಕೊಳ್ಳುವುದೂ ಸೇರಿತು. ಈಗ ಹಿಂದಿನ ವಾರಗಳ ಸಂದಣಿ ನೋಡಿ ಮುಂದಿನ ಸೋಮವಾರವನ್ನು ಮೊದಲೇ ಊಹಿಸುವ ತಂತ್ರಾಂಶಗಳೂ ಬಂದಿವೆ. ಒಂದು ಮಾತು ಮಾತ್ರ ನೆನಪಿಡಬೇಕು. ಹಬ್ಬಕ್ಕೆ ಮಾರುಕಟ್ಟೆ ಮುಚ್ಚಿದ ವಾರದ ಮರುವಾರ ಆವಕ ದುಪ್ಪಟ್ಟಾದೀತು ಎಂದು ಬ್ಯಾಡಗಿಯ ಯಾವ ಹಮಾಲರನ್ನು ಕೇಳಿದರೂ ಹೇಳುತ್ತಾರೆ. ಆ ತಿಳಿವಳಿಕೆ ತಂತ್ರಾಂಶಕ್ಕೆ ಯಾರಾದರೂ ಕೊಟ್ಟರೆ ಮಾತ್ರ ಬರುತ್ತದೆ.

ಇಷ್ಟಾದರೂ ಎಲ್ಲರಿಗೂ ಸಾಲದ ಗಳಿಗೆ ಬರುತ್ತದೆ. 2024ರ ಮಾರ್ಚ್ 11, ಸೋಮವಾರ, ಮೆಣಸಿನಕಾಯಿ ದರ ಕುಸಿದ ಸಿಟ್ಟು ಬ್ಯಾಡಗಿಯಲ್ಲಿ ಸ್ಫೋಟಿಸಿತು. ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ಅಂಥ ಹೊತ್ತಿನಲ್ಲಿ ಆಂಬುಲೆನ್ಸಿಗೆ, ಅಗ್ನಿಶಾಮಕಕ್ಕೆ ಕರೆ ಹೋಗಲೇಬೇಕು. ವಿಡಿಯೊ ಕಳುಹಿಸುವವರು ಕಾಯಬಹುದು. 112ಕ್ಕೆ ಕರೆ ಮಾಡಿದರೆ ಫೋನು ತನ್ನ ಕೋರಿಕೆಯಲ್ಲೇ ಇದು ತುರ್ತು ಎಂದು ಗುರುತು ಹಾಕುತ್ತದೆ. ಟವರು ಉಳಿದವರನ್ನು ತಡೆದು ಅದನ್ನು ಒಳಗೆ ಬಿಡುತ್ತದೆ, ಅಗತ್ಯ ಬಿದ್ದರೆ ಸಾಮಾನ್ಯ ಬಳಕೆಯ ಒಂದು ಪಾಲನ್ನು ಸ್ವಲ್ಪ ಹೊತ್ತು ಪೂರ್ತಿ ತಡೆಯಬಲ್ಲುದು. ಹೊಂದಿಕೊಳ್ಳುವ ಜಾಲ ಎಂದಾಗ ಎಲ್ಲರ ಮನಸ್ಸಿಗೆ ಮೊದಲು ಬರುವುದು ವೇಗ. ಆದರೆ ಯಾರು ಕಾಯಬೇಕು ಎಂಬ ತೀರ್ಮಾನವೂ ಅದರೊಳಗೇ ಇದೆ. ಅದನ್ನು ಗಣಿತ ತಾನಾಗಿ ಹೇಳುವುದಿಲ್ಲ, ವಿನ್ಯಾಸಕಾರರು ಬರೆದಿಡಬೇಕು. ದರ ಸಲ್ಲಿಸುವ ನಾಲ್ಕು ಸಾಲಿನ ಸಂದೇಶಕ್ಕೂ ಸಿನಿಮಾ ಡೌನ್‌ಲೋಡಿಗೂ ಗಡುವಿನ ಹೊತ್ತಿನಲ್ಲಿ ಒಂದೇ ಮರ್ಯಾದೆ ಇರಬೇಕೇ ಎಂಬುದು ಜಾಲ ತಟಸ್ಥತೆಯ ನಿಯಮಗಳಿರುವ ನಮ್ಮ ದೇಶದಲ್ಲಿ ಹಗುರವಾಗಿ ಉತ್ತರಿಸುವ ಪ್ರಶ್ನೆಯಲ್ಲ. ಆದರೂ ಆ ಪ್ರಶ್ನೆಯನ್ನು ಮಾರುಕಟ್ಟೆಯವರ ಜೊತೆ ಕುಳಿತು ಚರ್ಚಿಸುವುದೇ ಸರಿ.

ಮಳೆಯ ಕಡೆ ಬರೋಣ. ಬ್ಯಾಡಗಿ ಇರುವ ಹಾವೇರಿ ಜಿಲ್ಲೆಯ ಪಶ್ಚಿಮದ ಹಾನಗಲ್ಲಿಗೆ ಮಲೆನಾಡಿನ ಮಳೆಯ ಸೆರಗು ತಾಗುತ್ತದೆ. ಪೂರ್ವದ ರಾಣೆಬೆನ್ನೂರು ಬಯಲುಸೀಮೆ. ಮಳೆ ಬಂದರೆ ಫೋನಿನ ಸಂಕೇತ ಹೋಗುತ್ತದೆ ಎಂದು ಜನ ಹೇಳುವುದುಂಟು. ಫೋನು ಬಳಸುವ 700ರಿಂದ 2300 ಮೆಗಾಹರ್ಟ್ಸಿನ ಅಲೆಗಳಿಗೆ ಮಳೆ ಲೆಕ್ಕಕ್ಕೇ ಇಲ್ಲ. ಪೆಟ್ಟು ಬೀಳುವುದು ಟವರಿನ ಬೆನ್ನ ಹಿಂದೆ. ಫೈಬರ್ ತಲುಪದ ಹಳ್ಳಿಯ ಟವರುಗಳು ಇನ್ನೊಂದು ಟವರಿನೊಂದಿಗೆ ದುಂಡನೆಯ ಮೈಕ್ರೋವೇವ್ ಆಂಟೆನಾಗಳ ಮೂಲಕ ಮಾತಾಡುತ್ತವೆ. ಅವು 15 ಗಿಗಾಹರ್ಟ್ಸಿನಲ್ಲಿದ್ದರೆ ಅಲೆಯ ಉದ್ದ ಎರಡೇ ಸೆಂಟಿಮೀಟರ್. ಜೋರು ಮಳೆಯ ದಪ್ಪ ಹನಿಗಳು ಅಂಥ ಅಲೆಯನ್ನು ಹೀರಿ ಚದುರಿಸುತ್ತವೆ. ಮೊದಲಿನ ಯಂತ್ರಗಳು ಮಳೆ ಮಿತಿ ಮೀರಿದ ಕೂಡಲೇ ಪೂರ್ತಿ ಕಡಿದುಕೊಳ್ಳುತ್ತಿದ್ದವು. ಈಗಿನವು ಸಂಕೇತಕ್ಕೆ 8 ಬಿಟ್‌ನಿಂದ 6, 4, 2 ಹೀಗೆ ಮೆಟ್ಟಿಲಿಳಿಯುತ್ತವೆ. ದಾರಿ ಹೀಗೆ ಕಿರಿದಾದಾಗ ಮೊದಲ ಸ್ಥಾನ ಮಾತಿನ ಕರೆಗೆ, ವಿಡಿಯೊ ಹಿಂದೆ ಸರಿಯಬೇಕು. ಹಳ್ಳಿಗೆ ಕರೆ ಹೋಗುತ್ತದೆ, ವಾಟ್ಸ್ಆ್ಯಪ್ ಚಿತ್ರ ತಡವಾಗುತ್ತದೆ. ಕರೆಂಟು ಹೋದಾಗಲೂ ಇದೇ ನೀತಿ: ಬ್ಯಾಟರಿ ಇಳಿಯುತ್ತಿದ್ದರೆ ಟವರು ಹೆಚ್ಚುವರಿ ಬ್ಯಾಂಡುಗಳನ್ನು ಒಂದೊಂದಾಗಿ ಬಂದ್ ಮಾಡಿ, ದೂರ ತಲುಪುವ ಕೆಳ ಬ್ಯಾಂಡನ್ನು ಕೊನೆಯವರೆಗೆ ಉಳಿಸಿಕೊಳ್ಳಬಹುದು.

ಇಲ್ಲಿನ ಬಿಸಿಲು, ದೂಳು, ವಿದ್ಯುತ್ತಿಗೆ ತಕ್ಕಂತೆ ಯಂತ್ರ ಕಟ್ಟಬೇಕೆಂಬ ಹಠ ಹೊಸದಲ್ಲ. ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ, ಧಾರವಾಡ ದಾಟಿದರೆ ಸಿಗುವ ಕಿತ್ತೂರಿನಲ್ಲಿ 1986ರ ಜುಲೈಯಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ–ಡಾಟ್‌ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಅದು ತಂತಿ ಫೋನಿನ ಕಾಲ. 128 ಪೋರ್ಟುಗಳ ಆ ಪೆಟ್ಟಿಗೆ ಎ.ಸಿ. ಇಲ್ಲದ ಕೋಣೆಯಲ್ಲಿ ಓಡಬೇಕೆಂದೇ ವಿನ್ಯಾಸಗೊಂಡಿತ್ತು. 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿತವಾದ ಬಿಎಸ್ಎನ್ಎಲ್‌ನ ಸ್ವದೇಶಿ 4ಜಿಯಲ್ಲಿ ಹೃದಯಭಾಗ ಸಿ–ಡಾಟ್‌ನದು, ಟವರಿನ ರೇಡಿಯೊಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು. ಮಿಲಿಸೆಕೆಂಡಿಗೊಮ್ಮೆ ತೀರ್ಮಾನ ಮಾಡುವ ತಂತ್ರಾಂಶವನ್ನು ತಿದ್ದುವವರು ಈಗ ಬ್ಯಾಡಗಿಗೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ಹತ್ತಿರದಲ್ಲಿದ್ದಾರೆ. ಈ ಸಾಮೀಪ್ಯ ಸಣ್ಣ ಅನುಕೂಲವಲ್ಲ.

ಅದೇಕೆಂದು ಹೊಲದಲ್ಲಿ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಸಂಶೋಧಕರು ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಶೇಂಗಾ ಬೆಳೆಯುವ ಮಳೆಯಾಶ್ರಿತ ಸಣ್ಣ ರೈತರಿಗಾಗಿ ವೈರ್‌ಲೆಸ್ ಸೆನ್ಸರ್ ಜಾಲ ಹರಡಿದ್ದರು; ಆ ಕೆಲಸದ ಪ್ರಬಂಧ 2007ರಲ್ಲಿ ಪ್ರಕಟವಾಯಿತು. ಇಂದು ಅಂಥ ಜಾಲಕ್ಕೆ ‘ಲೋರಾ’ ಎಂಬ, ಬ್ಯಾಟರಿ ಕಡಿಮೆ ಬಳಸಿ ದೂರ ತಲುಪುವ ರೇಡಿಯೊ ಇದೆ. ಭಾರತದಲ್ಲಿ ಅದು ಬಳಸುವ 865 ಮೆಗಾಹರ್ಟ್ಸಿನ ಮೇಲಿನ ಪಟ್ಟಿಗೆ ಪರವಾನಗಿ ಬೇಡ. ಹಾವೇರಿ ಗೋವಿನಜೋಳದ ಜಿಲ್ಲೆ. ಜೂನಿನಲ್ಲಿ ಬರಿ ನೆಲದಲ್ಲಿ ನೆಟ್ಟ ಸೆನ್ಸರು ಆಗಸ್ಟಿನ ಹೊತ್ತಿಗೆ ಆಳೆತ್ತರದ ಹಸಿ ಎಲೆಗಳೊಳಗೆ ಮುಳುಗಿರುತ್ತದೆ. ಎಲೆಯಲ್ಲಿರುವ ನೀರು ಅಲೆಯನ್ನು ಹೀರುತ್ತದೆ.

ಲೋರಾದಲ್ಲಿ ಆರು ಹಂತಗಳಿವೆ, 7ರಿಂದ 12ರವರೆಗೆ. ಸಾಮಾನ್ಯವಾಗಿ ಬಳಸುವ 125 ಕಿಲೋಹರ್ಟ್ಸ್ ಅಗಲದಲ್ಲಿ 7ನೇ ಹಂತದ ಒಂದು ಸಂಕೇತಕ್ಕೆ ಸುಮಾರು 1 ಮಿಲಿಸೆಕೆಂಡ್ ಸಾಕು, 12ನೇ ಹಂತಕ್ಕೆ ಸುಮಾರು 33. ನಿಧಾನವಾಗಿ ಹೇಳಿದಷ್ಟೂ ದೂರ ಕೇಳಿಸುತ್ತದೆ, ಬ್ಯಾಟರಿ ಅಷ್ಟೇ ಬೇಗ ತೀರುತ್ತದೆ. ಕೊನೆಯ 20 ಸಂದೇಶಗಳು ಎಷ್ಟು ಸ್ಪಷ್ಟವಾಗಿ ಬಂದವೆಂದು ನೋಡಿ ಸರ್ವರು ಹಂತ ಸೂಚಿಸುವುದು ರೂಢಿ. ಗಂಟೆಗೊಂದು ಸಂದೇಶವಾದರೆ ಅದು ಹೆಚ್ಚುಕಡಿಮೆ ಒಂದು ದಿನದ ದಾಖಲೆ. ಜೋಳ ಬೆಳೆಯುವ ವೇಗಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಬದುವಿನಲ್ಲಿ ಹೊತ್ತುಗಟ್ಟಲೆ ನಿಂತ ಟ್ರಾಕ್ಟರಿಗೆಲ್ಲ ಜಾಲ ಗಾಬರಿಯಾಗುವುದಿಲ್ಲ.

ಆದರೆ ಸಂಪರ್ಕ ಪೂರ್ತಿ ಕಡಿದಾಗ ಏನಾಗುತ್ತದೆ? ಮಾನದಂಡದಲ್ಲಿ ಮೊದಲೇ ಇರುವ ಅಂಕಿಗಳ ಪ್ರಕಾರ ಸೆನ್ಸರು ಉತ್ತರವಿಲ್ಲದೆ 64 ಸಂದೇಶ ಕಳುಹಿಸಿ, ಆಮೇಲೆ ‘ಕೇಳಿಸುತ್ತಿದೆಯೇ’ ಎಂದು ವಿಚಾರಿಸಿ, ಇನ್ನೂ 32 ಸಂದೇಶ ಕಾದು, ನಂತರವೇ ದೂರ ತಲುಪಲು ಹೆಜ್ಜೆ ಬದಲಿಸುತ್ತದೆ. ಗಂಟೆಗೊಂದರ ಲೆಕ್ಕದಲ್ಲಿ ಒಟ್ಟು 96 ಗಂಟೆ, ಅಂದರೆ ನಾಲ್ಕು ದಿನ. ಮಳೆಗಾಲದ ಜೋಳ ನಾಲ್ಕು ದಿನ ತಡೆದೀತು. ರಾಣೆಬೆನ್ನೂರಿನ ಸುತ್ತ ನೆಟ್‌ಹೌಸುಗಳಲ್ಲಿ ಕೈಯಿಂದ ಪರಾಗ ಕೊಟ್ಟು ಬೀಜಕ್ಕಾಗಿ ಬೆಳೆಸುವ ಟೊಮೆಟೊ ಏಪ್ರಿಲ್ ಬಿಸಿಲಲ್ಲಿ ತಡೆಯುವುದಿಲ್ಲ. ಅಲ್ಲಿಗೆ ಆ 64ನ್ನು ಹತ್ತಕ್ಕೋ ಐದಕ್ಕೋ ಇಳಿಸಬೇಕು, ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾದರೂ ಸರಿ. ತನ್ನಿಂದ ತಾನೇ ಹೊಂದಿಕೊಳ್ಳುವ ಜಾಲ ಎಂಬ ಮಾತನ್ನು ನಂಬಿ ಪೆಟ್ಟಿಗೆ ಬಿಚ್ಚಿ ನೆಟ್ಟು ಹೋಗುವವರು ಮರೆಯುವುದು ಇದನ್ನೇ. ಎಷ್ಟು ಬೇಗ ಹೊಂದಿಕೊಳ್ಳಬೇಕು ಎಂಬುದನ್ನು ಬೆಳೆ ಬಲ್ಲವರು ಹೇಳಬೇಕು.

ಇನ್ನೂ ಪೂರ್ತಿ ಬಗೆಹರಿಯದ ಸಂದರ್ಭವೊಂದು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿದೆ. ದಸರೆಯ ಹೊತ್ತಿಗೆ ಅಲ್ಲಿ ಮಾಲತೇಶಸ್ವಾಮಿಯ ಕಾರ್ಣಿಕೋತ್ಸವ, ಅಂದರೆ ಭವಿಷ್ಯ ನುಡಿಯುವ ಉತ್ಸವ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಲೇ ನೆರೆದ ಜನ ಸ್ತಬ್ಧ. ಕಾರ್ಣಿಕದ ಒಂದು ಸಾಲು ನುಡಿದು ಆತ ಕೆಳಗೆ ಬೀಳುತ್ತಾನೆ. ಮಳೆ ಬೆಳೆ ಹೇಗೆ, ರಾಜಕೀಯ ಹೇಗೆ ಎಂದು ಜನ ಅರ್ಥ ಹೇಳಿಕೊಳ್ಳುತ್ತಲೇ ವಿಡಿಯೊ ಕಳುಹಿಸಲು ತೊಡಗುತ್ತಾರೆ. ಬ್ಯಾಡಗಿಯ ಸಂದಣಿ ಗಂಟೆಗಳಲ್ಲಿ ಏರಿದರೆ ಇದು ಅರೆನಿಮಿಷದಲ್ಲಿ ಏರುತ್ತದೆ, ಅದೂ ತಲೆಕೆಳಗಾಗಿ: ಎಲ್ಲರೂ ಪಡೆಯುವವರಲ್ಲ, ಕಳುಹಿಸುವವರು. ನಮ್ಮ 5ಜಿಯ 3.5 ಗಿಗಾಹರ್ಟ್ಸ್ ಆಸುಪಾಸಿನ ಬ್ಯಾಂಡಿನಲ್ಲಿ ಟವರು ಮತ್ತು ಫೋನು ಒಂದೇ ಅಲೆಪಟ್ಟಿಯನ್ನು ಸರದಿಯಂತೆ ಬಳಸುತ್ತವೆ, ಸಮಯದ ದೊಡ್ಡ ಪಾಲು ಟವರಿನದು. ಆ ಸ್ವಲ್ಪ ಹೊತ್ತು ಮಾತ್ರ ಪಾಲನ್ನು ಉಲ್ಟಾ ಮಾಡಿದರೆ ಆಯಿತಲ್ಲ ಎನಿಸುತ್ತದೆ. ಹಾಗೆ ಮಾಡಿದರೆ ದೇವರಗುಡ್ಡದ ಟವರು ಕೇಳಿಸಿಕೊಳ್ಳುತ್ತಿರುವಾಗ ಪಕ್ಕದ ಊರಿನ ಟವರು ತನ್ನ ಪೂರ್ಣ ಶಕ್ತಿಯಲ್ಲಿ ಕಳುಹಿಸುತ್ತಿರುತ್ತದೆ, ಫೋನುಗಳ ಕ್ಷೀಣ ಸಂಕೇತ ಅದರಡಿ ಹೂತುಹೋಗುತ್ತದೆ. ನೆರೆಯ ಟವರುಗಳೆಲ್ಲ, ಬೇರೆ ಕಂಪನಿಗಳವೂ ಸೇರಿ, ಒಂದೇ ತಾಳದಲ್ಲಿ ನಡೆಯಬೇಕಾದ್ದರಿಂದ ಈ ಪಾಲು ಕಾಗದದ ಮೇಲೆ ಬದಲಾಗಬಲ್ಲುದಾದರೂ ಹೆಚ್ಚಾಗಿ ಸ್ಥಿರವೇ.

ಸದ್ಯಕ್ಕೆ ಎಟಕುವ ಉಪಾಯ ಬೇರೆ. ಕಳುಹಿಸುವುದಕ್ಕೇ ಪ್ರತ್ಯೇಕ ಪಟ್ಟಿ ಮೀಸಲಿರುವ 900, 1800 ಮೆಗಾಹರ್ಟ್ಸಿನ 4ಜಿಯತ್ತ ವಿಡಿಯೊ ಕಳುಹಿಸುವ ಫೋನುಗಳನ್ನು ದಾಟಿಸಬಹುದು. ಅದೂ ಸಾಲದಿದ್ದರೆ ಗಾಲಿಗಳ ಮೇಲಿನ ತಾತ್ಕಾಲಿಕ ಟವರು ತಂದು ನಿಲ್ಲಿಸಬೇಕು. ಅದಕ್ಕೆ ಗುಡ್ಡದ ಬುಡದಲ್ಲಿ ಲಾರಿ ನಿಲ್ಲುವ ಜಾಗ, ಜನರೇಟರಿಗೆ ಡೀಸೆಲ್, ಹತ್ತಿರದ ಫೈಬರಿನ ತುದಿ ಎಲ್ಲಿದೆ ಎಂಬ ನಕ್ಷೆ ಇವೆಲ್ಲವನ್ನೂ ದಸರೆಗೆ ತಿಂಗಳ ಮೊದಲೇ ಗೊತ್ತುಮಾಡಿಕೊಂಡಿರಬೇಕಾಗುತ್ತದೆ.